ಜೆನ್ ಬಾನೆಟ್ಟಿಗೊಂದು ಮೂಗು

ನನ್ನ 1998ರ ಮಾರುತಿ ಜೆನ್‌ಗೆ ಬಾನೆಟ್ ಸ್ಕೂಪ್ (ಗಾಳಿ ಒಳಗೆ ಹೋಗಲೆಂದು ಬಾನೆಟ್ ಮೇಲೆ ಕೂರಿಸುವ ಉಬ್ಬು) ಬೇಕಾಗಿಯೇ ಇರಲಿಲ್ಲ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಳೇ ಸ್ಕಾರ್ಪಿಯೊದಂಥ ಟರ್ಬೊ ಡೀಸೆಲ್ ಗಾಡಿಯಲ್ಲಿ ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಎಂಜಿನ್ ಮೇಲೆ ಕೂತಿರುತ್ತದೆ. ಅದಕ್ಕೆ ಗಾಳಿ ಬೇಕು, ಅದಕ್ಕೇ ಬಾನೆಟ್ಟಿಗೆ ಬಾಯಿ. 993 ಸಿಸಿಯ ಕಾರ್ಬ್ಯುರೇಟರ್ ಗಾಡಿಗೆ ಅದು ಬರೀ ಶೋಕಿ. "ಇದ್ದ ಗಾಡಿ ನೆಟ್ಟಗ ಓಡಸೂದ್ ಬಿಟ್ಟು ಅದಕ್ಕೊಂದು ಮೂಗು ಬೇರೆ ಹಚ್ಚತೀಯೇನೋ" ಎಂದು ಅವ್ವ ಬೈದದ್ದರಲ್ಲಿ ತಪ್ಪೇನೂ ಇಲ್ಲ.

ಒಂದು ಜಾಣತನ ಮಾತ್ರ ಮಾಡಿದ್ದೆ. ಗಾಡಿಯ ಬಾನೆಟ್ಟನ್ನು ಮುಟ್ಟದೆ ಗುಜರಿಯಿಂದ ಇನ್ನೊಂದು ಜೆನ್ ಬಾನೆಟ್ ತಂದು, ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯ ಮಾಳಿಗೆ ಮೇಲೆ ಎರಡು ಸ್ಟೂಲಿನ ಮೇಲಿಟ್ಟೆ. ಕೆಟ್ಟರೆ ಗುಜರಿಗೇ ವಾಪಸ್. ನಾಳೆ ಯಾರಾದರೂ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತೆಗೆದು ಮಾರ್ಪಾಡಿನ ಪ್ರಶ್ನೆ ಎತ್ತಿದರೂ ಹಿಂಜಿನ ಬೋಲ್ಟು ಬಿಚ್ಚಿ ಹಳೇ ಬಾನೆಟ್ ಕೂರಿಸಿದರಾಯಿತು.

ಸ್ಕೂಪನ್ನು ಫೈಬರ್ ಗ್ಲಾಸಿನಲ್ಲಿ, ಅಂದರೆ ಗಾಜಿನೆಳೆಯ ಮ್ಯಾಟಿಗೆ ರೆಸಿನ್ ಎಂಬ ಗಟ್ಟಿಯಾಗುವ ದ್ರವ ಕುಡಿಸಿ ಮಾಡಬೇಕಿತ್ತು. ಅದರ ಅಚ್ಚಿಗೆ ಮೊದಲು ಥರ್ಮಾಕೋಲ್ ಹಿಡಿದೆ. ಕೆತ್ತಲು ಬೆಣ್ಣೆ ಇದ್ದಂಗೆ. ಎರಡು ದಿನ ಕೂತು ಉಜ್ಜಿ ಒಳ್ಳೇ ಆಕಾರ ತಂದು ಅದರ ಮೇಲೆ ರೆಸಿನ್ ಸವರಿದೆ. ಚಹಾ ಕುಡಿದು ಬರುವಷ್ಟರಲ್ಲಿ ಸ್ಕೂಪಿನ ನಡುವೆ ಹಳ್ಳ. ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಸ್ಟೈರೀನ್ ಇರುತ್ತದೆ, ಥರ್ಮಾಕೋಲ್ ಎಂಬುದೇ ಪಾಲಿಸ್ಟೈರೀನ್. ಸಕ್ಕರೆ ಮೇಲೆ ನೀರು ಹೊಯ್ದ ಹಾಗೆ ಕರಗಿಹೋಯಿತು. ಎಪಾಕ್ಸಿ ರೆಸಿನ್ ಆಗಿದ್ದರೆ ಕರಗುತ್ತಿರಲಿಲ್ಲ, ಆದರೆ ಅದರ ರೇಟು ಕೇಳಿ ಆಗಲೇ ಕೈಬಿಟ್ಟಿದ್ದೆ.

ಹಳೇ ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ಕಾಕಾ ಒಬ್ಬರು ಗಣಪತಿ ಮಾಡುತ್ತಾರೆ. ಅವರ ಹತ್ತಿರ ಹತ್ತು ಕಿಲೋ ಹದ ಮಾಡಿದ ಮಣ್ಣು ಕೇಳಲು ಹೋದೆ. ನಾನು ಬರೆದುಕೊಂಡು ಹೋಗಿದ್ದ ಚಿತ್ರ ನೋಡಿದವರೇ ಸ್ಕೂಪಿನ ಬಾಯಿಯ ಹತ್ತಿರ ಬೆರಳಿಟ್ಟರು. "ತಮ್ಮಾ, ಇಲ್ಲಿ ತುಟಿ ಒಳಗ ತಿರುಗೈತಿ. ಒಳಗ ತಿರುಗಿದ್ದು ಅಚ್ಚಿನಾಗಿಂದ ಹೊರಗ ಬರಂಗಿಲ್ಲ. ಸೊಂಡಿ ನಾವು ಬ್ಯಾರೆ ಮಾಡಿ ಹಚ್ಚತೀವಿ." ಈ ಕೆಲಸದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸಲಹೆ ಅದೇ. ಬಾಯಿಯ ತುಟಿಯನ್ನು ಬೇರೆ ತುಂಡಾಗಿ ಮಾಡುವುದೆಂದು ಅಲ್ಲೇ ತೀರ್ಮಾನಿಸಿದೆ. ಉಳಿದ ಎಲ್ಲ ಗೋಡೆಗಳೂ ಮೇಲಕ್ಕೆ ಹೋದಂತೆ ಸ್ವಲ್ಪ ಒಳಗೆ ಬಾಗಿದ್ದವು, ಬುಟ್ಟಿ ಬೋರಲು ಹಾಕಿದ ಹಾಗೆ.

ಬಾನೆಟ್ಟಿಗೆ ಪೂರ್ತಿ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೇ ಮಣ್ಣು ಮೆತ್ತಿದೆ. ಬಾನೆಟ್ ಕಣ್ಣಿಗೆ ಸಪಾಟು ಕಾಣುತ್ತದೆ, ಸಪಾಟಿಲ್ಲ. ಅದರ ಮೇಲೇ ಮಾಡಿದರೆ ತಳ ತಾನಾಗಿ ಹೊಂದುತ್ತದೆ. ಅಗಲ 42 ಸೆಂಟಿಮೀಟರ್, ಉದ್ದ 30, ಬಾಯಿಯ ಎತ್ತರ 6, ಸುತ್ತ 3 ಸೆಂಟಿಮೀಟರ್ ಅಂಚು. ಹ್ಯಾಕ್ಸಾ ಬ್ಲೇಡಿನಿಂದ ಹೆರೆದು, ಒದ್ದೆ ಕೈಯಿಂದ ಸವರಿ, ರಾತ್ರಿ ಹಸಿ ಬಟ್ಟೆ ಹೊದಿಸಿ ಮಲಗಿಸುತ್ತಿದ್ದೆ. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸೀಳು ಬಿಡುತ್ತದೆ. ಎಡಗಡೆಯ ಆಕಾರಕ್ಕೆ ರಟ್ಟು ಕತ್ತರಿಸಿ, ಅದನ್ನೇ ಮಗುಚಿ ಬಲಗಡೆ ಇಟ್ಟು ನೋಡಿದಾಗ ನನ್ನ ಕಣ್ಣಿನ ಬಣ್ಣ ಬಯಲಾಯಿತು: ಬಲಗಡೆ 4 ಮಿಲಿಮೀಟರ್ ದಪ್ಪ. ಅದನ್ನು ಸರಿಮಾಡಲಿಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು. ಇಡೀ ಕೆಲಸಕ್ಕೆ ಮೂರು ವಾರ ಹಿಡಿದರೆ, ಅದರಲ್ಲಿ ಎರಡು ವಾರ ಈ ಮಣ್ಣಿನದೇ.

ಹಸಿ ಮಣ್ಣಿನ ಮೇಲೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬಡಿಗರು ಹಚ್ಚುವ ಫ್ರೆಂಚ್ ಪಾಲಿಶ್ ಮೂರು ಕೋಟು ಕೊಟ್ಟು, ಮೇಲೆ ವ್ಯಾಕ್ಸ್ ತಿಕ್ಕಿ, ಕೊನೆಗೆ ಅಚ್ಚು ಬಿಡಿಸುವ ಪಿವಿಎ ದ್ರಾವಣ ಸವರಿದೆ.

ಇನ್ನು ರೆಸಿನ್. ಅಂಗಡಿಯಲ್ಲಿ ರೆಸಿನ್, ಅದನ್ನು ಗಟ್ಟಿ ಮಾಡುವ ಹಾರ್ಡನರ್, ಆ ಕೆಲಸವನ್ನು ಚುರುಕುಗೊಳಿಸುವ ಕೋಬಾಲ್ಟ್ ಮೂರೂ ಬೇರೆ ಬೇರೆ ಕೊಟ್ಟರು. ನೇರಳೆ ಬಣ್ಣದ ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲಸಬೇಕು, ಹಾರ್ಡನರ್ ಹಾಕುವುದು ಆಮೇಲೆ. ಅವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿಯೇ ಹತ್ತಬಹುದು, ಸಿಡಿಯಲೂಬಹುದು. ನಾನು ಎರಡು ಬಾಟಲಿಗಳನ್ನೂ ಮಾಳಿಗೆಯ ಎರಡು ಮೂಲೆಗಳಲ್ಲಿ ಇಟ್ಟಿದ್ದೆ, ಬೇರೆ ಬೇರೆ ಸಿರಿಂಜ್. ಹಾರ್ಡನರ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು, ಕನ್ನಡಕವಿಲ್ಲದೆ ಮುಚ್ಚಳ ತೆಗೆಯಬೇಡಿ.

ಪ್ರಮಾಣ ಕಿಲೋಗೆ 10 ಎಂಎಲ್ ಕೋಬಾಲ್ಟ್, 15 ಎಂಎಲ್ ಹಾರ್ಡನರ್ ಎಂದು ಬರೆದುಕೊಂಡಿದ್ದೆ. ಅದೇ ಲೆಕ್ಕದಲ್ಲಿ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ಅರ್ಧ ಕಿಲೋ ಒಂದೇ ಮಗ್ಗಿನಲ್ಲಿ ಕಲಸಿದೆ. ಕಾಲು ಭಾಗ ಹಚ್ಚುವುದರೊಳಗೆ ಮಗ್ಗಿನಲ್ಲಿದ್ದದ್ದು ಜೆಲ್ಲಿಯಾಯಿತು, ಹೊಗೆ ಎದ್ದಿತು, ಮಗ್ಗು ಸೊಟ್ಟಗಾಯಿತು. ಬ್ರಷ್ ಅದರಲ್ಲೇ ನಿಂತುಕೊಂಡಿತು, ಸಮಾಧಿಗೆ ನೆಟ್ಟ ಕಲ್ಲಿನ ಹಾಗೆ. ಆಮೇಲಿಂದ ಬೆಳಗಿನ ಆರಕ್ಕೆ ಏಳುವುದು, ಸಲಕ್ಕೆ 200 ಗ್ರಾಮ್ ಮಾತ್ರ ಅಗಲ ತಟ್ಟೆಯಲ್ಲಿ ಕಲಸುವುದು, ಹಾರ್ಡನರ್ 2 ಎಂಎಲ್. ಒಟ್ಟಿಗೆ ಗುಡ್ಡೆ ಇದ್ದರೆ ತನ್ನ ಬಿಸಿಗೆ ತಾನೇ ಬೇಯುತ್ತದೆ, ತೆಳ್ಳಗೆ ಹರಡಿದರೆ ಕೆಲಸ ಮಾಡಲು ಟೈಮ್ ಸಿಗುತ್ತದೆ.

ಮಣ್ಣಿನ ಮೇಲೆ ನಾಲ್ಕು ಪದರ ಹಾಕಿ ಅಚ್ಚು ತೆಗೆದೆ. ತೊಳೆದು, ವಾಟರ್ ಪೇಪರ್ ಹಾಕಿ, ಮತ್ತೆ ವ್ಯಾಕ್ಸ್ ಮತ್ತು ಪಿವಿಎ. ನಂತರ ಅದರೊಳಗೆ ನಿಜವಾದ ಸ್ಕೂಪ್. ಮೊದಲು ಹೊರಮೈಗೆ ಬರುವ ಬಣ್ಣದ ರೆಸಿನ್, ಅಂದರೆ ಜೆಲ್‌ಕೋಟ್. ಬೆರಳಿಗೆ ಅಂಟಬೇಕು, ಆದರೆ ಬೆರಳಿಗೆ ಬಣ್ಣ ಹತ್ತಬಾರದು, ಆ ಹದಕ್ಕೆ 450 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಮ್ ತೂಗುವ) ಮ್ಯಾಟ್ ಎರಡು ಪದರ, ಅಂಚಿಗೆ ನಾಲ್ಕು. ಮ್ಯಾಟ್ ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿದರೆ ಎಳೆಗಳು ಒಂದರಲ್ಲೊಂದು ಸೇರಿಕೊಳ್ಳುತ್ತವೆ. ಬ್ರಷ್ ಎಳೆಯಬಾರದು, ಕುಟ್ಟಬೇಕು. ಬಿಳಿ ಮ್ಯಾಟ್ ರೆಸಿನ್ ಕುಡಿದು ಗಾಜಿನಂತೆ ತಿಳಿಯಾಗುತ್ತ ಬರುತ್ತದೆ, ಬಿಳಿ ಉಳಿದಲ್ಲಿ ಗಾಳಿ ಸಿಕ್ಕಿದೆ ಎಂದರ್ಥ. ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್ ಸಾಕು. ನನ್ನ ಸ್ಕೂಪ್ ಮುಕ್ಕಾಲು ಕಿಲೋ ಹತ್ತಿರ ತೂಗಿತು.

ಗಾಜಿನೆಳೆಯ ಪುಡಿಯಿಂದ ಆಗುವ ತುರಿಕೆಯ ಮಾತು ಹೇಳಲೇಬೇಕು. ಉಜ್ಜುವ ಮುಂಚೆ ಮುಂಗೈಗೆ ಟಾಲ್ಕಂ ಪೌಡರ್, ಉದ್ದ ತೋಳಿನ ಅಂಗಿ, ಮೂಗಿಗೆ ಸರಿಯಾದ ಮಾಸ್ಕ್. ಆಮೇಲೆ ತಣ್ಣೀರಿನ ಸ್ನಾನವೇ. ಮೊದಲ ದಿನ ಬಿಸಿನೀರು ಹೊಯ್ದುಕೊಂಡು ರಾತ್ರಿಯಿಡೀ ಕೆರೆದುಕೊಂಡೆ.

ಪುಟ್ಟಿ, ಪ್ರೈಮರ್, ಬಣ್ಣ ಟಿಂಕರ್ ಗೆಳೆಯನ ಶೆಡ್ಡಿನಲ್ಲಾಯಿತು. ಬಾನೆಟ್ಟಿಗೆ ತೂತು ಕೊರೆದು ನಾಲ್ಕು ಬೋಲ್ಟು, ಕೆಳಗೆ ಪಿಯು (ಪಾಲಿಯುರೆಥೇನ್) ಅಂಟು, ತೂತಿನ ಅಂಚಿಗೆ ಮರೆಯದೆ ಪ್ರೈಮರ್. "ಜಾಯಿಂಟ್ ಕಾಣದಂಗ ಪುಟ್ಟಿ ಎಳದ್ಬಿಡ್ತೀನಿ" ಎಂದ. ನಾನು ಬೇಡವೆಂದೆ. ತಗಡು ಮತ್ತು ಫೈಬರ್ ಬಿಸಿಲಿಗೆ ಹಿಗ್ಗುವ ಪರಿ ಬೇರೆ, ಇಂದಿಲ್ಲ ನಾಳೆ ಅಲ್ಲಿ ಗೆರೆ ಬಿಡುತ್ತದೆ. ಬಿಡುವ ಗೆರೆಯನ್ನು ನಾವೇ ನೆಟ್ಟಗೆ ಇಟ್ಟುಕೊಂಡರೆ ಚೆಂದ.

ಸ್ಕೂಪಿನ ಕೆಳಗೆ ಬಾನೆಟ್ ಕೊಯ್ಯಲಿಲ್ಲ. ಕೊಯ್ದಿದ್ದರೆ ಧಾರವಾಡದ ಜಿಟಿಜಿಟಿ ಮಳೆಯೆಲ್ಲ ಎಂಜಿನ್ ಮೇಲೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಯಿತೆಂದರೆ ನವನಗರ ದಾಟುವಷ್ಟರಲ್ಲಿ ಎಂಜಿನ್ ಮಿಸ್ಸಿಂಗ್ ಶುರು. ಬಾಯಿಗೆ ಜಾಲರಿ, ಒಳಗೆ ನಿಂತ ನೀರು ಹರಿಯಲು ಹಿಂದಿನ ಅಂಚಿನಲ್ಲಿ ಎರಡು ತೂತು. ಜುಲೈನ ಮೊದಲ ಜೋರು ಮಳೆಯಲ್ಲಿ ಬ್ರೇಕ್ ಒತ್ತಿದರೆ ಸ್ಕೂಪಿನಿಂದ ಚೊಂಬು ನೀರು ಮುಂದಕ್ಕೆ ಉಗುಳಿತು. ತೆಗೆದು ನೋಡಿದರೆ ಎರಡೂ ತೂತಿಗೆ ಬೇವಿನೆಲೆ ಕೂತಿದ್ದವು. ಈಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಸೈಕಲ್ ಕಡ್ಡಿ ಇಟ್ಟುಕೊಂಡಿದ್ದೇನೆ.