ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರವನ್ನೂ ಪ್ರಯಾಣದ ಅವಧಿಯನ್ನೂ ಲೆಕ್ಕ ಹಾಕುವ ಬಗೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಮೊದಲ ಸಲ ಹೊರಡುವ ಹಿರಿಯರಿಗೆ ಟಿಕೆಟ್ಟಿನ ಮೇಲಿನ ಸಮಯಗಳು ಗೊಂದಲ ಹುಟ್ಟಿಸುತ್ತವೆ. ದೂರ ಮತ್ತು ಅವಧಿಯನ್ನು ಒಮ್ಮೆ ತಾವೇ ಲೆಕ್ಕ ಹಾಕಿ ನೋಡಿದರೆ ಆ ಗೊಂದಲ ಉಳಿಯುವುದಿಲ್ಲ.

ದೂರವನ್ನು ಗೋಡೆಯ ನಕ್ಷೆಯಲ್ಲಿ ಅಳೆಯಬೇಡಿ. ಮಕ್ಕಳ ಗ್ಲೋಬು ಮತ್ತು ಒಂದು ದಾರ ಸಾಕು. ಬೆಂಗಳೂರಿನ ಮೇಲೆ ದಾರದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆದರೆ, ಅದು ಯುರೋಪಿನ ಕಡೆಗೆ ಹೋಗದೆ ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಹಾದುಹೋಗುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಗ್ಲೋಬಿನ ಸುತ್ತಳತೆ 60 ಸೆಂ.ಮೀ. ಇದ್ದರೆ ದಾರ ಸುಮಾರು 21 ಸೆಂ.ಮೀ. ಬರುತ್ತದೆ, ಅಂದರೆ 14,000 ಕಿ.ಮೀ.

ವಿಮಾನದ ವೇಗವನ್ನು ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ ಹದಿನೈದೂವರೆ ಗಂಟೆ. ಏರುವ, ಇಳಿಯುವ ಹೊತ್ತಿಗೆ ಇನ್ನರ್ಧ ಗಂಟೆ ಸೇರಿಸಿ. ಆದರೆ ತುರ್ತಿನಲ್ಲಿ ಬೇಗ ಕೆಳಗಿಳಿಯಲಾಗದಷ್ಟು ನೆಲವೇ ಎತ್ತರವಾಗಿರುವ ಟಿಬೆಟ್ಟನ್ನು ವಿಮಾನಗಳು ಸಾಮಾನ್ಯವಾಗಿ ಬಿಟ್ಟು ಸುತ್ತುಬಳಸಿ ಹೋಗುತ್ತವೆ, ಎತ್ತರದ ಗಾಳಿಯನ್ನು ನೋಡಿಕೊಂಡೂ ದಾರಿ ಬದಲಿಸುತ್ತವೆ. ಆದ್ದರಿಂದ ನೇರ ಹಾರಾಟಕ್ಕೆ 17 ಗಂಟೆ ಎಂದಿಟ್ಟುಕೊಳ್ಳುವುದು ಕ್ಷೇಮ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದಿಳಿದದ್ದು ನಮ್ಮೂರಿನ ಹೆಮ್ಮೆಯ ಸಂಗತಿ. ನೀವು ಹೊರಡುವ ದಿನಕ್ಕೆ ನೇರ ವಿಮಾನ ಇದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ, ಉದಾಹರಣೆಗೆ ದುಬೈ ಮೂಲಕ, 2,700 ಮತ್ತು 13,000 ಕಿ.ಮೀ.ಗಳ ಎರಡು ಹಾರಾಟಗಳಾಗುತ್ತವೆ. ನಡುವೆ ಮೂರು ಗಂಟೆ ಕಾಯುವುದೂ ಸೇರಿ ಹೆಚ್ಚುಕಡಿಮೆ ಒಂದು ಇಡೀ ದಿನ.

ಇನ್ನು ಗಡಿಯಾರದ ಲೆಕ್ಕ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ ಗಂಟೆ. ಮೊದಲು ಎಲ್ಲವನ್ನೂ ಭಾರತದ ಸಮಯದಲ್ಲೇ ಕೂಡಿಸಿ, ವ್ಯತ್ಯಾಸವನ್ನು ಕೊನೆಯಲ್ಲಿ ಕಳೆಯಿರಿ. ಜನವರಿಯ ಶುಕ್ರವಾರ ಮಧ್ಯಾಹ್ನ 2ಕ್ಕೆ ಹೊರಟರೆ 17 ಗಂಟೆ ಕಳೆದಾಗ ಇಲ್ಲಿ ಶನಿವಾರ ಬೆಳಿಗ್ಗೆ 7, ಅಲ್ಲಿ ಇನ್ನೂ ಶುಕ್ರವಾರ ಸಂಜೆ 5.30. ಮರಳುವಾಗ ಇದು ತಿರುಗುಮುರುಗಾಗುತ್ತದೆ: ಶುಕ್ರವಾರ ರಾತ್ರಿ 8ಕ್ಕೆ ಅಲ್ಲಿಂದ ಹೊರಟವರು ಇಲ್ಲಿ ಇಳಿಯುವುದು ಭಾನುವಾರ ನಸುಕಿನ 2.30ಕ್ಕೆ. ಕರೆದೊಯ್ಯಲು ಬರುವವರು ಲೆಕ್ಕ ತಪ್ಪಿ ಶನಿವಾರವೇ ವಿಮಾನ ನಿಲ್ದಾಣಕ್ಕೆ ಬಂದು ಕಾಯುವಂತಾಗುವುದು ಇಲ್ಲಿಯೇ.

ಮನೆ ಮೈಸೂರಿನಲ್ಲಿದ್ದರೆ ದೇವನಹಳ್ಳಿಯವರೆಗಿನ ನಾಲ್ಕು ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ, ಅಮೆರಿಕದಲ್ಲಿ ಇಳಿದ ಮೇಲೆ ಇಮಿಗ್ರೇಶನ್ ಮುಗಿಸುವ ಹೊತ್ತು, ಇವನ್ನೂ ಕೂಡಿಸಲೇಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಈ ಒಟ್ಟು ಅವಧಿಯೇ ಮುಖ್ಯ; ಅದನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ, ಪ್ರತಿ ಡೋಸಿನ ಸಮಯವನ್ನು ಕೇಳಿಕೊಳ್ಳಿ, ಇಳಿಯುವವರೆಗೂ ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇರಿಸಿಕೊಳ್ಳಿ.