ಲೇತ್ ಮುಂದೆ ಕಲಿತದ್ದೇ ಕಂಪನಿಗೂ ಬಂತು

ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುವುದು ನನ್ನ ಕಸುಬು. ಈಗ ಅದೇ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಕಂಪನಿಯನ್ನೂ ನಡೆಸುತ್ತಿದ್ದೇನೆ. ಕುಶಲಕರ್ಮಿಗೂ ಸ್ಟಾರ್ಟಪ್ ಮಾಡುವವರಿಗೂ ಎತ್ತಣಿಂದೆತ್ತ ಸಂಬಂಧ ಅಂತ ಕೆಲವರು ಕೇಳುತ್ತಾರೆ. ಒಂದನ್ನು ಮಾಡು, ಬಳಸುವವರ ಕೈಗೆ ಕೊಡು, ನೋಡು, ಆಮೇಲೆ ಮುಂದಿನದು. ಇಬ್ಬರೂ ಮಾಡುವುದು ಇದನ್ನೇ ಅಲ್ವಾ?

ಮಗುವಿನ ಗಿಲಕಿಯನ್ನೇ ತೆಗೆದುಕೊಳ್ಳಿ. ಚೆನ್ನಾಗಿ ಒಣಗಿದ ಆಲೆ ಮರದ ತುಂಡನ್ನು ಲೇತ್‌ಗೆ, ಅಂದರೆ ಮರವನ್ನು ಗರಗರ ತಿರುಗಿಸುವ ಯಂತ್ರಕ್ಕೆ, ಹಾಕಿ ಆಕಾರ ಕೊಡುತ್ತೇವೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ತಾಳೆಗರಿ ಒತ್ತಿದಾಗ ಹೊಳಪು ಬರುತ್ತದೆ. ನೋಡಲು ಚಂದ, ಸರಿ. ಆದರೆ ಪುಟ್ಟ ಕೈಗೆ ಹಿಡಿ ದಪ್ಪ ಅಂತ ಒಬ್ಬ ತಾಯಿ ಹೇಳಿದರು. ಅವತ್ತೇ ನಡುಭಾಗವನ್ನು ಒಂಚೂರು ಸಣ್ಣ ಮಾಡಿ ಇನ್ನೊಂದು ಕಡೆದು ಕೊಟ್ಟೆ. ಮಗು ಬಿಡಲೇ ಇಲ್ಲ. ಆ್ಯಪ್ ಮಾಡುವ ಗೆಳೆಯರೂ ಹೀಗೆಯೇ ತಿದ್ದುತ್ತಾರೆ.

2021ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಆದರೂ ಲೇತ್ ಪಕ್ಕದಲ್ಲಿ 31.7 ಮಿಲಿಮೀಟರ್ ವ್ಯಾಸದ ಪರೀಕ್ಷಾ ಕೊಳವೆ ಇಟ್ಟುಕೊಂಡಿದ್ದೇನೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಬಿಡಿಭಾಗವೂ ಮೂರು ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಇರಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಈ ವಿಷಯದಲ್ಲಿ ನಾನು ರಾಜಿ ಆಗಲ್ಲ.

ದುಡ್ಡಿನ ಚಿಂತೆಯೂ ಒಂದೇ. ಕೈಲಿರುವುದು ಇನ್ನೆಷ್ಟು ತಿಂಗಳು ಬರುತ್ತೆ ಅಂತ ಸ್ಟಾರ್ಟಪ್‌ನವರು ಲೆಕ್ಕ ಹಾಕುತ್ತಾರೆ. ನಮಗೆ ಆ ಲೆಕ್ಕ ಮರದಿಂದಲೇ ಶುರು. ಇವತ್ತು ತಂದ ಹಸಿ ಮರ ಒಣಗಲು ತಿಂಗಳುಗಳು ಬೇಕು. ಅವಸರ ಮಾಡಿದರೆ ಆಮೇಲೆ ಬಿರುಕು ಬಿಡುತ್ತದೆ. ಅಲ್ಲಿಯವರೆಗೂ ದುಡ್ಡು ಮರದಲ್ಲೇ ಕೂತಿರುತ್ತದೆ. ಮಾಲು ಹೋದ ಮೇಲೂ ಅಂಗಡಿಯವರು ಕೊಡುವುದು ತಡ.

ಕಸುಬಿನವರು ಜಾಸ್ತಿ ಸೋಲುವುದು ಬೆಲೆ ಕಟ್ಟುವಾಗ. ಮರ, ಅರಗಿನ ಖರ್ಚು ಬರೆದು ಸ್ವಂತ ಕೂಲಿ ಬಿಟ್ಟುಬಿಡುತ್ತಾರೆ. ಸಂಬಳ ತೆಗೆದುಕೊಳ್ಳದೆ ದುಡಿಯುವ ಸ್ಟಾರ್ಟಪ್ ಹುಡುಗರಲ್ಲೂ ಇದನ್ನೇ ಕಂಡಿದ್ದೇನೆ. ನಾನು ಮೊದಲ ಸಾಲಿನಲ್ಲೇ ಕೂಲಿ ಬರೆಯುತ್ತೇನೆ. ಮರ, ಅರಗು, ಪ್ಯಾಕಿಂಗ್, ಕೊರಿಯರ್ ಎಲ್ಲ ಆಮೇಲೆ. ಆ ಬೆಲೆಗೆ ಕೆಲವರಾದರೂ ಕೊಂಡರೆ ಮಾತ್ರ ದೊಡ್ಡ ಆರ್ಡರ್ ಹಿಡಿಯುತ್ತೇನೆ.