ಕಿಟಕಿ ಗಾಜಿಗೆ ಯಾವ ಲಿಕ್ವಿಡ್? ನಾನು ಬಳಸೋದು ಇದು

ಗಾಜು ಒರೆಸೋಕೆ ಯಾವ ಲಿಕ್ವಿಡ್ ಬೆಸ್ಟ್ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿಸಿ ಕೇಳೋದು ಒಂದೇ, ಗಾಜಿನ ಮೇಲೆ ಇರೋದೇನು? ಬರೀ ಧೂಳಾ, ಅಡುಗೆಮನೆ ಜಿಡ್ಡಾ, ಇಲ್ಲಾ ನೀರು ಒಣಗಿ ಕೂತಿರೋ ಬಿಳಿ ಕಲೆಯಾ? ಮೂರಕ್ಕೂ ಒಂದೇ ಬಾಟ್ಲಿ ಹಿಡ್ಕೊಂಡು ಹೋದ್ರೆ ಎಲ್ಲಾದ್ರೂ ಒಂದ್ ಕಡೆ ಕೈ ಕೊಡತ್ತೆ.

ಧೂಳಿಗೆ ನಾನು ಬಕೆಟ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕ್ತೀನಿ, ಅಷ್ಟೇ. ನೀರು ಮಣಿಮಣಿಯಾಗಿ ನಿಲ್ಲದೆ ಗಾಜಿನ ಮೇಲೆ ಹರಡ್ಕೊಬೇಕು, ವೈಪರ್ ರಬ್ಬರ್ ಜಾರ್ಬೇಕು, ಅದಕ್ಕೆ ಅಷ್ಟು ಸಾಕು. ನೊರೆ ಬರ್ಲಿ ಅಂತ ಜಾಸ್ತಿ ಸುರಿದ್ರೆ ಒಣಗಿದ್ಮೇಲೆ ಪದರ ಉಳ್ಕೊಳತ್ತೆ, ಬಿಸಿಲು ಬಿದ್ದಾಗ ಗೆರೆಗೆರೆ ಎದ್ದು ಕಾಣತ್ತೆ. ಸೋಪಿನ ಬಿಲ್ಲೆ ಕರಗಿಸಿ ಹಾಕೋದಂತೂ ಬೇಡ, ಗಡಸು ನೀರಲ್ಲಿರೋ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಕಲ್ಮಶ ಕಟ್ಟತ್ತೆ.

ಆಮೇಲೆ ಜನ ಲಿಕ್ವಿಡ್ಡನ್ನ ಬೈತಾರೆ, ಬಹಳ ಸಲ ತಪ್ಪು ನೀರಿಂದು ಕಣ್ರೀ. ನಿಮ್ ನಲ್ಲಿ ನೀರು ಒಂದು ಹನಿ ಗಾಜಿನ ಮೇಲೆ ಬಿಟ್ಟು ಒಣಗೋಕೆ ಬಿಡಿ, ಬಿಳಿ ಉಂಗುರ ಉಳಿದ್ರೆ ಎಷ್ಟು ದುಬಾರಿ ಕ್ಲೀನರ್ ತಂದ್ರೂ ಆ ನೀರಲ್ಲಿ ಕಲಸಿದ್ರೆ ಕಲೆ ಗ್ಯಾರಂಟಿ. ನಾನು ಕೊನೇ ಸುತ್ತಿಗೆ ಡಿಸ್ಟಿಲ್ಡ್ ವಾಟರ್ ಇಟ್ಕೊಂಡಿರ್ತೀನಿ, ಅದರಲ್ಲಿ ಉಪ್ಪಿನಂಶ ಇಲ್ದೆ ಇರೋದ್ರಿಂದ ಒಣಗಿದ್ರೂ ಏನೂ ಉಳಿಯಲ್ಲ.

ಈಗಾಗ್ಲೇ ಕೂತಿರೋ ಬಿಳಿ ಕಲೆಗೆ ವಿನೆಗರ್, ಅರ್ಧಕ್ಕರ್ಧ ನೀರು. ಸ್ಪ್ರೇ ಮಾಡಿ ತಕ್ಷಣ ಒರೆಸಿದ್ರೆ ಏನೂ ಆಗಲ್ಲ, ಅದರಲ್ಲೇ ನೆನೆಸಿದ ಬಟ್ಟೆನ ಗಾಜಿಗೆ ಅಂಟಿಸಿ ಹತ್ತು ನಿಮಿಷ ಬಿಡ್ಬೇಕು, ಆಸಿಡ್ ಸುಣ್ಣದಂಶ ಕರಗಿಸೋಕೆ ಟೈಮ್ ಬೇಕಲ್ಲ. ಕೆಳಗೆ ಮಾರ್ಬಲ್ ಪಟ್ಟಿ ಇದ್ರೆ ಹುಷಾರು, ಮಾರ್ಬಲ್ಲೂ ಆ ಸುಣ್ಣದ ಕಲೆ ಥರ ಕ್ಯಾಲ್ಸಿಯಂ ಕಾರ್ಬೊನೇಟೇ, ಅಲ್ಲಿ ಹನಿ ಬಿದ್ರೆ ಅದರ ಹೊಳಪೂ ಹೋಗತ್ತೆ. ವಿನೆಗರಿಗೆ ಬೇಕಿಂಗ್ ಸೋಡಾ ಬೆರೆಸಿ ಬುಸ್ ಅನ್ಸೋದು ನೋಡೋಕೆ ಮಜಾ, ಆದ್ರೆ ಒಂದರ ಶಕ್ತಿನ ಇನ್ನೊಂದು ತಿಂದಾಕತ್ತೆ. ವರ್ಷಗಟ್ಲೆ ಕೂತು ಗಾಜನ್ನೇ ಕೊರೆದಿರೋ ಕಲೆಗೆ ಮಾತ್ರ ವಿನೆಗರ್ ಏನೂ ಮಾಡಲ್ಲ, ಅದಕ್ಕೆ ಪಾಲಿಶ್ಶೇ ಗತಿ.

ಜಿಡ್ಡಿಗೆ ವಿನೆಗರ್ ನಂಬಬೇಡಿ. ನಾನು ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ (ಸ್ಯಾನಿಟೈಸರಿಗೆ ಹಾಕೋ ಥರದ ಸ್ಪಿರಿಟ್) ಬೆರೆಸ್ಕೋತೀನಿ, ಬೇಗ ಆರತ್ತೆ, ಬೆರಳಚ್ಚೂ ಹೋಗತ್ತೆ. ಒಲೆ ಆರಿಸಿರ್ಬೇಕು, ಕಿಟಕಿ ತೆಗೆದಿರ್ಬೇಕು. ಅಮೋನಿಯಾ ಇರೋ ಕ್ಲೀನರ್ ಜಿಡ್ಡಿಗೆ ಒಳ್ಳೇದೇ, ಆದ್ರೆ ಟಿಂಟ್ ಫಿಲ್ಮ್ (ಬಿಸಿಲು ತಡೆಯೋ ಬಣ್ಣದ ತೆಳು ಹಾಳೆ) ಹಚ್ಚಿದ ಗಾಜಿಗೆ ಮುಟ್ಟಿಸಲ್ಲ, ಬ್ಲೀಚ್ ಇರೋ ಯಾವುದರ ಜೊತೆಗೂ ಸೇರಿಸಲ್ಲ, ವಿಷದ ಗ್ಯಾಸ್ ಬರತ್ತೆ.

ಯಾವ ಲಿಕ್ವಿಡ್ ಆದ್ರೂ ಗಾಜು ಬಿಸಿ ಇದ್ದಾಗ ಬೇಡ, ನಾವು ಒರೆಸೋಕೆ ಮುಂಚೆ ಅದೇ ಒಣಗ್ಬಿಡತ್ತೆ. ಇನ್ನೊಂದು, ಒಳಗಡೆ ಅಡ್ಡಡ್ಡ ಒರೆಸಿ, ಹೊರಗಡೆ ಉದ್ದುದ್ದ, ಆಗ ಗೆರೆ ಉಳಿದ್ರೆ ಯಾವ ಬದೀದು ಅಂತ ನೋಡಿದ ತಕ್ಷಣ ಗೊತ್ತಾಗತ್ತೆ.